ಮೀನಿನ ನಾಲಗೆಯ ಮೇಲೆ

ಗಂಡನನ್ನು ಮಣ್ಣು ಮಾಡಿದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ಲುಸಿವಾನಿ ಕಾಫಿಗೆ ನೀರಿಟ್ಟು, ದುಃಖ ಬರುತ್ತದೇನೋ ಎಂದು ಕಾದಳು. ಒಲೆಯ ಮುಂದೆ ನಿಂತು ಹಾಲು ಉಕ್ಕುವುದನ್ನು ಕಾಯುವ ಹಾಗೆ. ನೀರು ಕುದಿಯಿತು. ದುಃಖ ಬರಲಿಲ್ಲ. ಬೀದಿಯಲ್ಲಿ ಗ್ಯಾಸ್ ಮಾರುವ ಲಾರಿ ತನ್ನ ರಾಗ ಹಾಕಿಕೊಂಡು ಹೋಯಿತು. ಅಸಾಯಿ ಹಣ್ಣು ಅರೆಯುವ ಅಂಗಡಿಗಳು ಸರಕು ಬಂದಿದೆ ಎಂದು ಕೆಂಪು ಬಾವುಟ ಏರಿಸಿದ್ದವು. ದ್ವೀಪಗಳಿಂದ ಬಂದಿದ್ದ ನೆಂಟರೆಲ್ಲ ಹಿಂದಿನ ದಿನವೇ ದೋಣಿ ಹತ್ತಿದ್ದರು.

ಪಕ್ಕದ ಮನೆಯ ರೇಡಿಯೋದಲ್ಲಿ ಅವಳ ಹಾಡು ಬರುತ್ತಿತ್ತು. "ನಮ್ಮನ್ನಗಲಿದ ಜಾಂಡರ್ ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿದ್ದು" ಎಂದಿತು ರೇಡಿಯೋ. ಸತ್ತ ಮೇಲೂ ಬಿಡಲಿಲ್ಲವಲ್ಲ ಇವನು ಎಂದುಕೊಂಡು ಅವಳು ಕಾಫಿ ಸೋಸಿದಳು.

ಬರೆದವಳು ಅವಳು. ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದುವಾಗಲೇ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಕೇಳಿದವರ ಕಾಲು ತಾನಾಗಿ ಏಳುವಂಥ ತಾಳಗಳನ್ನು ಹೆಣೆಯುತ್ತಿದ್ದಳು. ಜಾಂಡರ್‌ಗೆ ಆಗ ಇದ್ದದ್ದು ಸೊಂಟ ಮತ್ತು ನಗು. ಅವಳು ಹಾಡು ಕಟ್ಟಿದಳು, ಮೊದಲು ತಾನು ಹಾಡಿ ತೋರಿಸಿದಳು, ಅವನ ದನಿ ಜಾರಿದಲ್ಲೆಲ್ಲ ಯಂತ್ರದಿಂದ ಎತ್ತಿ ನಿಲ್ಲಿಸಿದಳು. ಬೆಲೆಂ ಊರಿನಲ್ಲಿ ಹಾಡು ಗೆಲ್ಲುವುದು ಕಂಪನಿಗಳಿಂದಲ್ಲ. ಸೈಕಲ್ಲಿಗೆ ಸ್ಪೀಕರ್ ಕಟ್ಟಿಕೊಂಡು ಬೀದಿ ಬೀದಿ ಮಾರುವವರಿಗೆ ಅದನ್ನು ಪುಕ್ಕಟೆ ಕೊಡಬೇಕು. ಭಾನುವಾರದ ಕುಣಿತಗಳಲ್ಲಿ, ಮನೆಯೆತ್ತರದ ಸ್ಪೀಕರ್ ಗೋಡೆಗಳ ನಡುವೆ ಡೀಜೆ ಅದನ್ನು ಹಾಕಬೇಕು. ಆ ಸೈಕಲ್ಲಿನವರನ್ನೂ ಡೀಜೆಗಳನ್ನೂ ಹುಡುಕಿಕೊಂಡು ಬಿಸಿಲಲ್ಲಿ ಅಲೆದವಳೂ ಅವಳೇ. ಜಾಂಡರ್ ಮನೆಮಾತಾದ.

ಆ ಕುಣಿತಗಳಲ್ಲಿ ಹಾಡಿನ ನಡುವೆ ಡೀಜೆ ಬಂದವರ ಹೆಸರು ಹಿಡಿದು ನಮಸ್ಕಾರ ಕೂಗುತ್ತಾನೆ. ಮಾಂಸದಂಗಡಿಯವನಿಗೆ, ಮೋಟಾರ್ ಸೈಕಲ್ ಸಂಘಕ್ಕೆ, ಮೊನ್ನೆ ಗಂಡನನ್ನು ಬಿಟ್ಟವಳಿಗೆ, ಅವಳ ನಾಯಿಗೆ. ಆ ಒಂದು ಕೂಗಿಗಾಗಿಯೇ ಜನ ಹೊಸ ಬಟ್ಟೆ ಹೊಲಿಸುತ್ತಾರೆ. ಇಷ್ಟು ವರ್ಷದಲ್ಲಿ ಲುಸಿವಾನಿಯ ಹೆಸರನ್ನು ಯಾರೂ ಕೂಗಿರಲಿಲ್ಲ. ಒಮ್ಮೆ ಬಾಯಿಬಿಟ್ಟು ಕೇಳಿದ್ದಳು.

"ತಲೆ ಕೆಟ್ಟಿದ್ಯೇನೆ ನಿಂಗೆ?" ಕನ್ನಡಿಯ ಮುಂದೆ ಹುಬ್ಬು ತಿದ್ದಿಕೊಳ್ಳುತ್ತ ಜಾಂಡರ್ ನಕ್ಕಿದ್ದ. "ಮುಂದಿನ ಸಾಲಲ್ಲಿ ಕಿರುಚೋ ಹುಡುಗೀರಿಗೆಲ್ಲ ನಾನು ಬ್ರಹ್ಮಚಾರಿ. ಹೆಂಡತಿ ಇದಾಳೆ, ಹಾಡೂ ಅವಳೇ ಬರೀತಾಳೆ ಅಂದ್ರೆ ನನ್ ಹತ್ರ ಉಳಿಯೋದೇನು ಹೇಳು?"

"ಸೊಂಟ."

"ನೋಡ್ದ್ಯಾ, ನಿಂಗೇ ಗೊತ್ತು!"

ಅಷ್ಟಕ್ಕೇ ನಿಂತಿದ್ದರೆ ಸಹಿಸುತ್ತಿದ್ದಳೇನೋ. ಆದರೆ ಸಾವೊ ಪಾವ್ಲೊದ ಒಂದು ರೆಕಾರ್ಡಿಂಗ್ ಕಂಪನಿ ಜಾಂಡರ್‌ನನ್ನು ಕರೆಯಿತು. ಹಾಡುಗಳೆಲ್ಲ ತನ್ನವೇ ಎಂದು ಅವನು ಅಲ್ಲಿ ಸಹಿ ಹಾಕಬೇಕಿತ್ತು. ಹೊರಡುವ ದಿನ ಗೊತ್ತಾಗಿತ್ತು. ಟಿಕೆಟ್ ಒಂದೇ ಇತ್ತು. ಸಹಿ ಬಿದ್ದರೆ ಅವಳು ಹುಟ್ಟಿಸಿದ್ದೆಲ್ಲ ಕಾಗದದ ಮೇಲೆ ಅವನದು. ಸಹಿಗೆ ಮುಂಚೆ ಅವನು ಸತ್ತರೆ ಎಲ್ಲವೂ ಹೆಂಡತಿಗೆ. ಲೆಕ್ಕ ಸರಳವಾಗಿತ್ತು, ಅವಳು ಕಾಲೇಜಿನಲ್ಲಿ ಬಿಡಿಸಿದ್ದ ಎಷ್ಟೋ ಲೆಕ್ಕಗಳಿಗಿಂತ ಸರಳ.

ಹೊರಡುವ ಮುಂಚಿನ ಕೊನೆಯ ಕುಣಿತ ಔತೇರು ದ್ವೀಪದ ಕಡಲತೀರದಲ್ಲಿ, ಭಾನುವಾರ ಮಧ್ಯಾಹ್ನ. ಸೌಂಡ್ ತಂಡದ ಹೆಸರು ಪಿರಾರುಕು, ಅಲ್ಲಿನ ನದಿಯ ಒಂದು ದೊಡ್ಡ ಮೀನಿನದು. ವೇದಿಕೆಯೂ ಆ ದೊಡ್ಡ ಮೀನಿನ ಆಕಾರದ್ದೇ: ಡೀಜೆ ಮೀನಿನ ತಲೆಯ ಮೇಲೆ ಹಲಗೆ ಹಾಕಿಕೊಂಡು ನಿಲ್ಲುತ್ತಾನೆ, ಬಾಯಿ ತೆರೆದು ತಗಡಿನ ನಾಲಗೆ ಹೊರಗೆ ಚಾಚುತ್ತದೆ. ಕೊನೆಯ ಹಾಡಿಗೆ ಜಾಂಡರ್ ಬೂಟು ಕಳಚಿ ಎಸೆದು ಆ ನಾಲಗೆಯ ಮೇಲೆ ಬರಿಗಾಲಲ್ಲಿ ಕುಣಿಯುತ್ತಿದ್ದ. ಅದು ಅವನ ಗುರುತು. ಮಧ್ಯಾಹ್ನದ ಮಳೆ ಬೆಲೆಂನಲ್ಲಿ ತಪ್ಪುವುದಿಲ್ಲ. ನಾಲಗೆ ಒದ್ದೆಯಾಗಿಯೇ ಇರುತ್ತದೆ. ವೈರಿಂಗ್ ಹಳೆಯದು. ಕೆಲಸದವರಿಗೆ ಆಗಾಗ ಜುಮ್ಮೆನ್ನುತ್ತಿತ್ತು. "ಮೀನು ಕಚ್ತು ಕಣೋ" ಎಂದು ಅವರು ನಗುತ್ತಿದ್ದರು. ಆ ಕಚ್ಚುವಿಕೆಯನ್ನು ಜುಮ್ಮೆನ್ನುವುದಕ್ಕೇ ನಿಲ್ಲಿಸಿದ್ದು ಜನರೇಟರ್ ಬಳಿಯ ಅರ್ಥಿಂಗ್ ತಂತಿ, ಅದೊಂದೇ.

ತಂಡದವರು ಎಲ್ಲ ನೋಡಿ ಸರಿ ಎಂದ ಮೇಲೆ, ಕೊನೆಯ ಹಾಡಿಗೆ ಮುಂಚೆ, ಆ ತಂತಿ ತನ್ನ ಜಾಗದಲ್ಲಿ ಇರಬಾರದು. ಆಮೇಲೆ ಗಲಾಟೆಯಲ್ಲಿ ನೂರಾರು ಕಾಲು ಅಲ್ಲಿ ತುಳಿದಾಡುತ್ತವೆ. ಯಾರ ಕಾಲಿಗೋ ಸಿಕ್ಕಿ ಕಿತ್ತುಹೋಯಿತು ಎನ್ನುತ್ತಾರೆ. ಹಳೆ ವೈರಿಂಗು, ಮಳೆ, ಬರಿಗಾಲು. ಪ್ರತಿಯೊಂದಕ್ಕೂ ಸಾವಿರ ಸಾಕ್ಷಿಗಳು.

ತನ್ನ ವಿಷಯದಲ್ಲಿ ಅವಳು ಇನ್ನೂ ನಿಶ್ಚಿಂತಳಾಗಿದ್ದಳು. ಜ್ವರ ಎಂದು ಶನಿವಾರವೇ ಮಲಗಿದಳು. ಭಾನುವಾರ ಬಾಗಿಲು ಹಾಕಿ, ಕಿಟಕಿಯ ಪರದೆ ಎಳೆದು, ಟೀವಿ ಓಡಲು ಬಿಟ್ಟು, ಮೊಬೈಲನ್ನು ದಿಂಬಿನ ಕೆಳಗಿಟ್ಟು, ಹಿತ್ತಲಿನಿಂದ ಹೊರಬಿದ್ದು ದ್ವೀಪದ ಬಸ್ಸು ಹತ್ತಿದಳು. ತಲೆಗೆ ಅಗಲವಾದ ಹುಲ್ಲಿನ ಟೋಪಿ. ಯಾರಾದರೂ ಗುರುತಿಸಿದರೆ ಎಂಬ ಯೋಚನೆ ಬಂದಾಗ ಅವಳಿಗೆ ನಗು ಬಂತು. ಗಂಡ ಇಷ್ಟು ವರ್ಷ ಬಚ್ಚಿಟ್ಟದ್ದು ಈಗ ಉಪಯೋಗಕ್ಕೆ ಬಂದಿತ್ತು. ಊರಿಗೇ ಊರು ಕುಣಿಯುವ ಜಾಗದಲ್ಲಿ ಹೆಸರಿಲ್ಲದವಳು ಅವಳೊಬ್ಬಳೇ.

ಎಲ್ಲವೂ ಅಂದುಕೊಂಡಂತೆ ನಡೆಯಿತು. ಮಳೆ ಬಂದು ಹೋಯಿತು. ವೇದಿಕೆಯ ಹಿಂದೆ ಜನರೇಟರ್ ಗುಡುಗುತ್ತಿತ್ತು. ಅದನ್ನು ನೋಡಿಕೊಳ್ಳುವವನು ಯಾರದೋ ಸೊಂಟ ಹಿಡಿದು ಕುಣಿಯಲು ಹೋಗಿದ್ದ. ಅವಳು ಬಗ್ಗಿದಳು, ಸ್ಪ್ಯಾನರ್ ತಿರುಗಿಸಿದಳು, ಎದ್ದಳು. ಮುಂದೆ ಜನ ಏನನ್ನೋ ಕಂಡು ಕೈಯೆತ್ತಿ ಕುಣಿಯುತ್ತಿದ್ದರು. ಅವನು ನಾಲಗೆಯ ಮೇಲೆ ಹತ್ತುವ ಹೊತ್ತಿಗೆ ಅವಳು ತಿರುಗಿ ಹೋಗುವ ಬಸ್ಸಿನಲ್ಲಿದ್ದಳು. ಸ್ಪ್ಯಾನರ್ ಸೇತುವೆಯ ಮೇಲಿಂದ ನೀರಿಗೆ ಹೋಯಿತು. ಸುದ್ದಿ ತಂದವರಿಗೆ ಬಾಗಿಲು ತೆರೆದಾಗ ಅವಳು ಕಂಬಳಿ ಹೊದ್ದಿದ್ದಳು.

ಪೊಲೀಸ್ ಇನ್‌ಸ್ಪೆಕ್ಟರ್ ನೊನಾಟು ಅದೇ ಬಡಾವಣೆಯವರು. ಟೋಪಿ ತೆಗೆದು ಕೈಯಲ್ಲಿ ಹಿಡಿದು ಮಾತಾಡಿದರು.

"ಕೇಳ್ಬಾರ್ದು, ಆದ್ರೂ ಕೇಳ್ಬೇಕಮ್ಮ. ನೀವು ಆವತ್ತು ಅಲ್ಲಿಗೆ ಹೋಗಿರ್ಲಿಲ್ಲ, ಅಲ್ವಾ?"

"ಹಾಸಿಗೆ ಬಿಟ್ಟು ಏಳ್ಲಿಲ್ಲ ಸಾರ್. ಅವರ ಯಾವ ಕುಣಿತಕ್ಕೂ ನಾನು ಹೋದವಳಲ್ಲ."

"ಒಳ್ಳೇದೇ ಆಯ್ತು ಬಿಡಿ. ನೋಡೋ ಅಂಥದ್ದಲ್ಲ ಅದು." ಅವಳು ಹೇಳಿದ್ದನ್ನು ಬರೆದುಕೊಂಡರು, ಅವಳು ಸಹಿ ಹಾಕಿದಳು.

ಈ ಬೆಳಿಗ್ಗೆ ಕಾಫಿ ಮುಗಿಯುವ ಮುಂಚೆ ಫೋನ್ ಬಂತು. ಸಾವೊ ಪಾವ್ಲೊದ ಕಂಪನಿಯ ಹೆಂಗಸು. ಮೊದಲು ಸಂತಾಪ, ಆಮೇಲೆ ವ್ಯವಹಾರ.

"ಹಾಡುಗಳ ಹಕ್ಕು ಈಗ ನಿಮ್ದೇ ಅಲ್ವಾ ಮೇಡಂ? ಅವರು ಅರ್ಧಕ್ಕೆ ಬಿಟ್ಟಿದ್ದು ಏನಾದ್ರೂ ಇದ್ಯಾ?"

"ಇದೆ. ಅವರು ಅರ್ಧಕ್ಕೆ ಬಿಟ್ಟಿದ್ದಲ್ಲ, ನಾನು ಬರೆದಿದ್ದು. ಹಿಂದಿನವೂ ನಾನೇ ಬರೆದಿದ್ದು."

"ಹೌದಾ! ಹಾಗಾದ್ರೆ ನಿಮ್ಮ ಹೆಸರಲ್ಲೇ ತರೋಣ ಬಿಡಿ. ನೀವು ಹಾಡ್ತೀರಾ?"

"ಹಾಡ್ತೀನಿ."

ಫೋನ್ ಇಟ್ಟ ಮೇಲೂ ಅವಳಿಗೆ ಸಂತೋಷವಾಗಲಿಲ್ಲ. ಎಲ್ಲವೂ ಹತ್ತಿಯಲ್ಲಿ ಸುತ್ತಿಟ್ಟ ಹಾಗಿತ್ತು. ಆದರೆ ಬರುತ್ತದೆ ಎಂದು ಗೊತ್ತಿತ್ತು, ಕಾಯಬೇಕಷ್ಟೆ. ಅಲ್ಲಿಯವರೆಗೆ ಮನೆ ಚೊಕ್ಕಟ ಮಾಡೋಣವೆಂದು ಅವನ ಮಿಂಚುವ ಜಾಕೆಟ್‌ಗಳನ್ನು ಚೀಲಕ್ಕೆ ತುಂಬಿದಳು. ಅಡುಗೆಮನೆಯ ಮೂಲೆಯಲ್ಲಿ ಅದೇ ಬೀದಿಯ ಮುದುಕಿ ಜುಲೈಡಿಯ ದೊಡ್ಡ ಅಲ್ಯೂಮಿನಿಯಂ ಹಂಡೆ ಕಂಡಿತು. ಮರಗೆಣಸಿನ ಎಲೆ ದಿನಗಟ್ಟಲೆ ಕುದಿಸುವುದಕ್ಕೆಂದು, ತನ್ನ ಹುಟ್ಟುಹಬ್ಬಕ್ಕೆ ಜಾಂಡರ್ ಇಸಕೊಂಡು ಬಂದಿದ್ದ. ಲುಸಿವಾನಿ ಅದನ್ನು ಬೂದಿ ಹಾಕಿ ತಿಕ್ಕಿ, ಸೊಂಟಕ್ಕೆ ಇಟ್ಟುಕೊಂಡು ಹೊರಟಳು. ಇದೊಂದು ಕೊಟ್ಟುಬಿಟ್ಟರೆ ಅವನ ಕಡೆಯಿಂದ ಯಾರಿಗೂ ಏನೂ ಬಾಕಿ ಉಳಿಯುವುದಿಲ್ಲ.

ಬೀದಿಯ ಕೊನೆಯಲ್ಲಿ ಜುಲೈಡಿಯ ಅಸಾಯಿ ಅಂಗಡಿ. ಕೈಯೆಲ್ಲ ನೇರಳೆ ಬಣ್ಣವಾಗಿದ್ದ ಮುದುಕಿ ಯಂತ್ರ ನಿಲ್ಲಿಸಿ ಓಡಿಬಂದಳು.

"ಅಯ್ಯೋ, ಇದನ್ನ ಇವತ್ತೇ ತರ್ಬೇಕಿತ್ತೇನೇ ಮಗಳೇ! 'ನಾಳೆ ತಂದ್ಕೊಡ್ತೀನಿ ಅತ್ತೆ' ಅಂತ ಹೋದೋನು ಅವನು. ಅವನ ನಾಳೆ ಯಾವತ್ತು ಬಂದಿತ್ತು? ಕೂತ್ಕೋ. ಮೀನು ಕರಿದಿದೀನಿ, ಒಂದ್ ತುತ್ತು ತಿನ್ನು."

"ಬೇಡ ಅತ್ತೆ."

"ಸಾವಿನ್ ಮನೇಲಿ ಹೇಳ್ಬಾರ್ದು ಅಂತ ಬಾಯಿ ಹೊಲ್ಕೊಂಡಿದ್ದೆ. ಪಾಪ, ಕಣ್ಣಾರೆ ಕಂಡವಳಿಗೆ ಅದನ್ನೇ ನೆನಪು ಮಾಡೋದ್ಯಾಕೆ ಅಂತ. ಬೆಳಗ್ಗೆ ಸೈಕಲ್ಲಿನವನು ಆವತ್ತಿನ ಕುಣಿತದ ರೆಕಾರ್ಡಿಂಗ್ ತಂದ. ಊರೆಲ್ಲ ಈಗ ಅದೇ. ನಿನ್ ಹೆಸರು ಎಷ್ಟು ಚೆನ್ನಾಗಿ ಕೇಳ್ಸುತ್ತೆ ಅಂತೀಯಾ!"

"ನನ್ ಹೆಸರಾ?"

"ಮತ್ತೆ? ನಾನೇ ಕಣೇ ಡೀಜೆಗೆ ಹೇಳಿ ಕಳ್ಸಿದ್ದು. ಟೋಪಿ ಹಾಕ್ಕೊಂಡ್ಬಿಟ್ರೆ ನಿನ್ ನಡಿಗೆ ನಂಗೆ ಗೊತ್ತಾಗಲ್ವಾ? ಹಾಡು ಕಟ್ಟೋಳು ನೀನೇ ಅಂತ ನಿಮ್ಮನೆ ಕಿಟಕಿಯಿಂದ ಕೇಳಿ ಕೇಳಿ ಗೊತ್ತಿಲ್ವಾ? ಇಷ್ಟ್ ವರ್ಷಕ್ಕೆ ಗಂಡನ ಕುಣಿತ ನೋಡೋಕೆ ಬಂದಿದಾಳೆ, ಇವತ್ತಾದ್ರೂ ಒಬ್ರು ಇವಳ ಹೆಸರು ಹೇಳ್ಲಿ ಅನ್ನಿಸ್ತು." ಅವಳು ಕಣ್ಣೊರೆಸಿಕೊಂಡಳು, ಕೆನ್ನೆಗೆ ನೇರಳೆ ಬಣ್ಣ ಮೆತ್ತಿತು. "ನೊನಾಟು ಸಾಹೇಬ್ರೂ ಇಲ್ಲೇ ಕೂತು ಕೇಳಿದ್ರು. ಇನ್ನೊಂದ್ಸಲ ಹಾಕು ಅಂದ್ರು. ಏನಾಯ್ತೋ ಪಾಪ, ಬಟ್ಟಲು ಹಾಗೇ ಬಿಟ್ಟು ಎದ್ದು ಹೋದ್ರು. ತಾಳು, ಹಾಕ್ತೀನಿ."

ಸ್ಪೀಕರಿನಿಂದ ಜಾಂಡರ್‌ನ ಹಾಡು ಮುಗಿಯುತ್ತ ಬಂತು, ಅದರ ಮೇಲೆ ಡೀಜೆಯ ದನಿ: "ಗ್ವಾಮಾ ಬಡಾವಣೆಯ ಲುಸಿವಾನಿಗೆ, ಜಾಂಡರ್‌ನ ಒಂದೊಂದು ಹಾಡನ್ನೂ ಬರೆದ ಆ ಕೈಗೆ, ಅದೋ ನೋಡಿ, ನಮ್ಮ ಜನರೇಟರ್ ಹತ್ರ ಹುಲ್ಲಿನ ಟೋಪಿ ಹಾಕ್ಕೊಂಡು ಬಗ್ಗಿರೋ ನಮ್ಮ ರಾಣಿಗೆ, ಪಿರಾರುಕು ಕಡೆಯಿಂದ ದೊಡ್ಡ ನಮಸ್ಕಾರ! ಎಲ್ರೂ ಕೈಯೆತ್ತಿ!" ಜನ ಹೋ ಎಂದು ಕೂಗಿದರು. ಹೆಸರು ಬೀದಿಯುದ್ದಕ್ಕೂ ಹೋಯಿತು; ಆಚೆ ಬೀದಿಯ ಯಾವುದೋ ಸೈಕಲ್ಲಿನಿಂದಲೂ ಸ್ವಲ್ಪ ತಡವಾಗಿ ಅದೇ ಹೆಸರು ಕೇಳಿಬಂತು. ಲುಸಿವಾನಿ ತಂತಿ, ಮಳೆ, ಬರಿಗಾಲು, ಬಸ್ಸು ಎಲ್ಲವನ್ನೂ ಯೋಚಿಸಿದ್ದಳು. ಗುಡುಗುವ ಜನರೇಟರಿನ ಪಕ್ಕದಲ್ಲಿ ಬಗ್ಗಿ ನಿಂತವಳಿಗೆ ತನ್ನನ್ನು ಯಾರಾದರೂ ಕೂಗಿದರೂ ಕೇಳಿಸುವುದಿಲ್ಲ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಅವಳು ಹಂಡೆಯನ್ನು ಸದ್ದಾಗದಂತೆ ನೆಲದ ಮೇಲಿಟ್ಟಳು.