ಆಟ ಬಿಟ್ಟ ಉಮಾ

"ಆ ಫೋಟೋ ಈಗಲೇ ತೆಗೆದುಬಿಡಿ."

ಸ್ಟುಡಿಯೋದ ಬಾಗಿಲಲ್ಲಿ ನಿಂತು ಉಮಾ ಹೇಳಿದ ಮಾತಿಗೆ ಒಳಗಿದ್ದ ಯುವಕ ತಲೆಯೆತ್ತಿದ. ಅವಳ ಬೆರಳು ನೇರವಾಗಿ ಗಾಜಿನ ಬೀರುವನ್ನು ತೋರಿಸುತ್ತಿತ್ತು.

ಅಲ್ಲಿ ಮದುವೆ ಜೋಡಿಗಳ, ನಾಮಕರಣದ ಕೂಸುಗಳ ಫೋಟೋಗಳ ನಡುವೆ ಒಬ್ಬ ಹುಡುಗಿ ಬ್ಯಾಟು ಎತ್ತಿ ನೆಲಬಿಟ್ಟು ಮೇಲಕ್ಕೆ ನೆಗೆದಿದ್ದಳು. ಅವಳ ಜಡೆಯೂ ಜೊತೆಗೇ ಹಾರಿತ್ತು.

"ಯಾಕೆ ತೆಗೀಬೇಕು?"

"ಅದು ನಾನು, ಅದಕ್ಕೆ."

ಯುವಕ ಫೋಟೋ ನೋಡಿದ, ಅವಳನ್ನು ನೋಡಿದ. "ಗೊತ್ತಾಗಲಿಲ್ಲ, ಕ್ಷಮಿಸಿ. ಹೋದ ತಿಂಗಳು ತಾನೇ ಈ ಸ್ಟುಡಿಯೋ ಕೊಂಡೆ. ಇಲ್ಲಿರೋ ಯಾರೂ ನನಗೆ ಪರಿಚಯ ಇಲ್ಲ."

ಉಮಾಳಿಗೆ ಏನೋ ಚುಚ್ಚಿದಂತಾಯಿತು. ಮರುಕ್ಷಣವೇ ಹಗುರವೂ ಆಯಿತು.

ಅಶೋಕ ಪಿಲ್ಲರಿನಿಂದ ಸಿದ್ದಾಪುರದವರೆಗಿನ ಬೀದಿಗಳಲ್ಲಿ ಅವಳನ್ನು ಅರಿಯದವರಿರಲಿಲ್ಲ. ತಂದೆ ಶಾಮಣ್ಣ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಬಲೆ ಕಟ್ಟಿ, ಎಂಟು ವರ್ಷದ ಮಗಳ ಕೈಗೆ ಬ್ಯಾಟು ಕೊಟ್ಟಿದ್ದರು. ಅಂದಿನಿಂದ ಆಕೆ ಎಲ್ಲರಿಗೂ 'ಬ್ಯಾಡ್ಮಿಂಟನ್ ಉಮಾ'. ಉಮಾಮಹೇಶ್ವರಿ ಎಂಬ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ರಾಜ್ಯದ ತಂಡಕ್ಕೆ ಆಡಿದಳು, ಕಪ್‌ಗಳನ್ನು ಗೆದ್ದು ತಂದಳು. ಕಳೆದ ವರ್ಷ ಮೈಸೂರಿನಲ್ಲಿ, ದಸರಾ ಪಂದ್ಯದಲ್ಲಿ, ಬಾಲ್ ಬ್ಯಾಡ್ಮಿಂಟನ್ನಿನ ಉಣ್ಣೆಯ ಹಳದಿ ಚೆಂಡಿಗೆ ಎಗರಿದವಳು ಮಂಡಿ ತಿರುಚಿಕೊಂಡು ಬಿದ್ದಳು.

"ನಡೆಯೋಕೇನೂ ತೊಂದರೆಯಿಲ್ಲಮ್ಮ, ಸ್ವಲ್ಪ ಕುಂಟು ಉಳೀಬಹುದು. ಆದರೆ ಆಟ ಮುಗೀತು," ಎಂದಿದ್ದರು ಡಾಕ್ಟರು.

ಆಟ ಮುಗಿದ ಮೇಲೆ ಉಳಿದವಳು ಯಾರು? ದಾರಿಯಲ್ಲಿ ಸಿಕ್ಕವರೆಲ್ಲ "ಮತ್ತೆ ಯಾವಾಗ ಆಡ್ತೀಯ?" ಅನ್ನುತ್ತಿದ್ದರು.

ಯುವಕ ಫೋಟೋ ತೆಗೆದು ಕಾಗದದಲ್ಲಿ ಸುತ್ತಿಕೊಟ್ಟ. "ನನ್ನ ಹೆಸರು ಚಕ್ರಪಾಣಿ. ಬೇಸರ ಮಾಡಿಕೊಳ್ಳಬೇಡಿ."

ಹೊರಡಬೇಕೆಂದವಳ ಕಣ್ಣು ಮೇಜಿನ ಮೇಲೆ ಬಿತ್ತು. ಒಬ್ಬ ಮದುಮಗಳ ಕಪ್ಪು ಬಿಳುಪು ಫೋಟೋಕ್ಕೆ ಕೈಯಿಂದಲೇ ಅರ್ಧ ಬಣ್ಣ ಹಚ್ಚಲಾಗಿತ್ತು.

"ಇವರ ಕೆನ್ನೆ ಯಾಕೆ ಹಸಿರಾಗಿದೆ?"

ಚಕ್ರಪಾಣಿಯ ಮುಖ ಇಳಿಯಿತು. "ಹಸಿರಾಗಿದೆಯಾ? ನನಗೆ ಕೆಂಪು ಯಾವುದು, ಹಸಿರು ಯಾವುದು ಅಂತ ತಿಳಿಯೋದಿಲ್ಲ. ಹುಟ್ಟಿದಾಗಿನಿಂದ ಹಾಗೇ. ಕಪ್ಪು ಬಿಳುಪು ಫೋಟೋ ಚೆನ್ನಾಗೇ ತೆಗೀತೀನಿ. ಬಣ್ಣ ಹಾಕ್ತಿದ್ದ ಮುದುಕರು ಕೆಲಸ ಬಿಟ್ಟುಬಿಟ್ಟರು."

ಉಮಾಳಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಬಂದ ನಗು. ಅವನೂ ನಕ್ಕ.

"ಕೊಡಿ ಇಲ್ಲಿ," ಎಂದು ಅವಳು ಕುಳಿತೇಬಿಟ್ಟಳು.

ಕಡ್ಡಿಗೆ ಹತ್ತಿ ಸುತ್ತಿ, ಬಣ್ಣದಲ್ಲಿ ಅದ್ದಿ, ಮೃದುವಾಗಿ ಒತ್ತಬೇಕು. ಮೊದಲ ದಿನ ಕೆನ್ನೆ ಸರಿಹೋಯಿತು, ಸೀರೆಯ ಅಂಚು ಕೆಟ್ಟಿತು. ಮರುದಿನ ಮತ್ತೆ ಬಂದಳು. ಆಮೇಲೆ ದಿನವೂ ಬಂದಳು. ತಾಯಿ ಸೀತಾಲಕ್ಷ್ಮಿ, "ಮನೇಲಿ ಕೂತು ಕೊರಗೋದಕ್ಕಿಂತ ವಾಸಿ ಬಿಡಿ" ಎಂದು ಗಂಡನನ್ನು ಒಪ್ಪಿಸಿದರು.

ಚಕ್ರಪಾಣಿ ಹೆಚ್ಚು ಮಾತಿನವನಲ್ಲ. ಮಧ್ಯಾಹ್ನ ಹೋಟೆಲಿನಿಂದ ಕಾಫಿ ತರಿಸಿ ಅವಳ ಲೋಟವನ್ನು ಬಣ್ಣಗಳಿಂದ ದೂರ ಇಡುತ್ತಿದ್ದ. ಅವಳು ಕಾಲು ಚಾಚಿ ಕೂರಲೆಂದು ಒಂದು ಮಣೆ ತಂದಿಟ್ಟಿದ್ದ. ಮಂಡಿಯ ವಿಷಯ ಮಾತ್ರ ಒಂದು ದಿನವೂ ಕೇಳಲಿಲ್ಲ.

'ಇವರಿಗೆ ನನ್ನ ಬಗ್ಗೆ ಏನೂ ಅನ್ನಿಸೋದೇ ಇಲ್ಲವೇನೋ...' ಅಂದುಕೊಳ್ಳುವಳು. ಸಂಜೆ ಮನೆಗೆ ಹೊರಟಾಗ ಅವನು ಬಾಗಿಲವರೆಗೆ ಬಂದು ನಿಂತರೆ ಆ ಅನುಮಾನ ಕರಗುತ್ತಿತ್ತು.

ಒಂದು ದಿನ ಕತ್ರಿಗುಪ್ಪೆಯಿಂದ ಅಕ್ಕಯಮ್ಮ ಎಂಬ ಮುದುಕಿ ಬಂದಳು. ತೀರಿಹೋದ ಗಂಡನ ಹಳೆಯ ಫೋಟೋವನ್ನು ಸೆರಗಿನಲ್ಲಿ ಕಟ್ಟಿ ತಂದಿದ್ದಳು.

"ಮದ್ವೇಲಿ ತಲೆಗೆ ಕಟ್ಟಿದ್ದ ರುಮಾಲು ಕಣವ್ವ. ಅದರ ಬಣ್ಣ ಬರಬೇಕು."

"ಯಾವ ಬಣ್ಣ ಅಜ್ಜಿ?"

"ಕನಕಾಂಬರ ಮುಡಿದು ಸಂಜೆಗೆ ಒಸಿ ಬಾಡ್ತದಲ್ಲ... ಅಂಗೆ."

ಉಮಾ ಮೂರು ಸಲ ಬಣ್ಣ ಬೆರೆಸಿ ಒರೆಸಿದಳು. ಕೊನೆಗೆ ಸಿಕ್ಕ ಬಣ್ಣವನ್ನು ಕಂಡು ಅಕ್ಕಯಮ್ಮ ಫೋಟೋದ ರುಮಾಲನ್ನು ಬೆರಳ ತುದಿಯಲ್ಲಿ ಸವರಿದಳು. ಆಮೇಲೆ ಉಮಾಳ ಗಲ್ಲ ಹಿಡಿದು, "ನಿನ್ನ ಕೈ ತಣ್ಣಗಿರಲಿ, ಬಣ್ಣದವ್ವ," ಎಂದಳು.

ಆ ಮುದುಕಿಗೆ ಬ್ಯಾಡ್ಮಿಂಟನ್ ಎಂದರೇನೆಂದೇ ಗೊತ್ತಿರಲಿಲ್ಲ. ಉಮಾ ಅಂದು ಮನೆವರೆಗೂ ಆ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡು ನಡೆದಳು.

ಅದೇ ವಾರ ಬ್ಯಾಡ್ಮಿಂಟನ್ ಕ್ಲಬ್ಬಿನ ಕಾರ್ಯದರ್ಶಿ ಚನ್ನಬಸವಯ್ಯ ಸ್ಟುಡಿಯೋಕ್ಕೇ ಬಂದರು.

"ನೋಡಮ್ಮ ಉಮಾ, ನೀನು ಆಡದಿದ್ರೂ ಪರವಾಗಿಲ್ಲ, ಹುಡುಗೀರನ್ನ ಆಡಿಸು. ನಮ್ಮ ತಂಡದ ಜೊತೆ ಮದ್ರಾಸಿಗೂ ಹೋಗಬಹುದು. ನಿಮ್ಮ ತಂದೆ ಒಪ್ಪಿದ್ದಾರೆ. ದಿನಾ ಬೆಳಿಗ್ಗೆ, ಸಂಜೆ ಬರಬೇಕು. ರಾಜ್ಯಕ್ಕೇ ಆಡಿ ಕಪ್ ತಂದವಳು, ಇಲ್ಲಿ ಕೂತು ಬಣ್ಣ ಬಳೀತಾ ಇರೋಕೆ ಹುಟ್ಟಿದವಳೇನಮ್ಮ ನೀನು?"

ಉಮಾ ಚಕ್ರಪಾಣಿಯ ಕಡೆ ನೋಡಿದಳು. 'ಬೇಡ ಅನ್ನಿ... ಒಂದು ಸಲ ಅನ್ನಿ.'

ಅವನು ಕ್ಯಾಮೆರಾದ ಕರಿಬಟ್ಟೆ ಮಡಚುತ್ತಿದ್ದ. "ಹೋಗಿ," ಎಂದ. "ನೀವು ಹೋಗೋದೇ ಒಳ್ಳೇದು."

ಅವಳು ಹತ್ತಿಯ ಕಡ್ಡಿ ಕೆಳಗಿಟ್ಟು ಎದ್ದು ಬಂದಳು.

ಹುಡುಗಿಯರಿಗೆ ಕಲಿಸುವುದು ಕಷ್ಟವಾಗಲಿಲ್ಲ. ಅವಳ ಮಾತಿಗೆ ಅವರು ಪ್ರಾಣ ಬಿಡುತ್ತಿದ್ದರು. ಶಾಮಣ್ಣ ಆಫೀಸಿಗೆ ಹೋಗುವ ಮುಂಚೆ ಆಟದ ಅಂಗಳದ ಬದಿಯಲ್ಲಿ ನಿಂತು, ಹಳೆಯ ದಿನಗಳಂತೆ "ಕೈ ಎತ್ತು, ಇನ್ನೂ ಎತ್ತು" ಎಂದು ಕೂಗುತ್ತಿದ್ದರು. ತಂದೆಯ ಮುಖದ ಬೆಳಕು ಕಂಡು ಉಮಾ ಸುಮ್ಮನಾಗುತ್ತಿದ್ದಳು. ಆದರೆ ಚೆಂಡು ಮೇಲೆ ಹೋದಾಗಲೆಲ್ಲ ಅವಳ ಕಣ್ಣು ಅದರ ಹಿಂದೆ ಹೋಗುತ್ತಿರಲಿಲ್ಲ. ಎದುರುಮನೆಯ ಹಂಚಿನ ಮೇಲಿನ ಬಿಸಿಲಿನ ಬಣ್ಣಕ್ಕೆ ಏನೇನು ಬೆರೆಸಬೇಕೆಂದು ಲೆಕ್ಕ ಹಾಕುತ್ತಿತ್ತು.

ಒಂದು ಸಂಜೆ ರಸ್ತೆಯಿಂದ ಯಾರೋ ಕೂಗಿದರು. "ಬ್ಯಾಡ್ಮಿಂಟನ್ ಉಮಾ... ಏ ಬ್ಯಾಡ್ಮಿಂಟನ್ ಉಮಾ!"

ಪಕ್ಕದ ಹುಡುಗಿ ಭುಜ ಮುಟ್ಟಿದಳು. "ಅಕ್ಕ, ನಿಮ್ಮನ್ನೇ ಕರೀತಿರೋದು."

ಅವಳಿಗೆ ಕೇಳಿಸಿತ್ತು. ತನ್ನನ್ನೇ ಕರೆಯುತ್ತಿದ್ದಾರೆಂದು ಹೊಳೆದಿರಲಿಲ್ಲ, ಅಷ್ಟೆ.

ಅಂದು ಮನೆಗೆ ಬಂದವಳು ಜಗಲಿಯಲ್ಲಿ ಕುಳಿತಿದ್ದ ತಂದೆಯ ಪಕ್ಕ ಹೋಗಿ ಕುಳಿತಳು. "ಅಪ್ಪ, ನನಗೆ ಈ ಕೆಲಸ ಬೇಡ."

"ಯಾಕೆ? ಮಂಡಿ ನೋವಾ?"

"ನೋವೇನೂ ಇಲ್ಲ. ಆಟ ನನಗೆ ಎಲ್ಲಾ ಕೊಡ್ತು ಅಪ್ಪ. ಈಗ ಅದು ಸಾಕು ಅನ್ನಿಸಿದೆ. ನನಗೆ ಬಣ್ಣದ ಕೆಲಸ ಇಷ್ಟ."

ಶಾಮಣ್ಣ ರಸ್ತೆಯ ಕಡೆ ಮುಖ ತಿರುಗಿಸಿದರು. "ನಿನ್ನ ಆಟ ನೋಡ್ತಾ ನೋಡ್ತಾ ನನಗೆ ವಯಸ್ಸಾಗಿದ್ದೇ ಗೊತ್ತಾಗಲಿಲ್ಲ ಕಣೇ. ನೀನು ಬಿಟ್ಟರೆ ಬೆಳಿಗ್ಗೆ ಎದ್ದು ನಾನೇನು ಮಾಡಲಿ?"

ಇಷ್ಟು ದಿನ ಉಮಾ ತನ್ನ ನೋವೊಂದೇ ದೊಡ್ಡದೆಂದುಕೊಂಡಿದ್ದಳು.

"ಆ ಹುಡುಗೀರಿಗೆ ನೀವೇ ಕಲಿಸಿ, ಅಪ್ಪ. ನನಗೆ ಕಲಿಸಿದ್ದು ನೀವೇ ತಾನೆ?"

ಅವರು ಅವಳ ಕಡೆ ತಿರುಗಿದರು. ತಲೆ ಸವರಿದರು. ಮರುದಿನ ಚನ್ನಬಸವಯ್ಯನವರ ಮನೆಗೆ ತಾವೇ ಹೋಗಿ ಮಾತಾಡಿ ಬಂದರು.

ಭಾನುವಾರ ಬೆಳಿಗ್ಗೆ ಅವಳು ಸ್ಟುಡಿಯೋಕ್ಕೆ ಹೋದಳು. ಚಕ್ರಪಾಣಿ ಒಬ್ಬನೇ ಇದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡು ಎದ್ದು ನಿಂತ.

"ಏನಾದರೂ ಮರೆತು ಹೋಗಿದ್ದಿರಾ?"

"ಒಂದು ಮಾತು ಕೇಳೋದು ಮರೆತಿದ್ದೆ. ಅವತ್ತು ಹೋಗಿ ಅಂದಿರಲ್ಲ... ನಾನು ಇಲ್ಲಿರೋದು ನಿಮಗೆ ಬೇಡವಾಗಿತ್ತಾ?"

ಅವನು ತಲೆ ತಗ್ಗಿಸಿದ. "ನೀವು ಎಷ್ಟು ದೊಡ್ಡ ಆಟಗಾರ್ತಿ ಅಂತ ಆ ಕಾರ್ಯದರ್ಶಿಗಳ ಬಾಯಿಂದ ಕೇಳಿದ ಮೇಲೆ ಹೆದರಿಕೆಯಾಯ್ತು. ಅಂಥವರನ್ನ ನನ್ನ ಸುಖಕ್ಕೆ ಈ ಕತ್ತಲೆ ಕೋಣೇಲಿ ಕೂರಿಸಿಕೊಂಡಿದ್ದೀನಿ ಅನ್ನಿಸ್ತು. ಹೋಗಬೇಡಿ ಅನ್ನೋಕೆ ನನಗೇನು ಹಕ್ಕಿತ್ತು?"

"ನಿಮ್ಮ ಸುಖಕ್ಕಾ?"

ಅವನು ಮೆಲ್ಲಗೆ ಹೇಳಿದ. "ನೀವು ಬಂದ ದಿನದಿಂದ ಬಾಗಿಲು ತೆಗೆಯೋಕೆ ಬೆಳಗಾಗೋದನ್ನ ಕಾಯ್ತಿದ್ದೆ. ನೀವು ಹೋದ ಮೇಲೆ ತೆಗೆಯೋಕೇ ಮನಸ್ಸಾಗಲಿಲ್ಲ."

ಉಮಾಳ ಕಣ್ಣು ತುಂಬಿತು. ಆದರೂ ದನಿ ಗಟ್ಟಿಯಾಗಿತ್ತು. "ಆಟ ಬಿಟ್ಟು ಬಂದಿದ್ದೀನಿ. ಬಿಟ್ಟಿದ್ದು ನಿಮಗೋಸ್ಕರ ಅಲ್ಲ, ಈ ಕೆಲಸಕ್ಕೋಸ್ಕರ. ನಿಮಗೋಸ್ಕರ ಬಂದಿರೋದು ಬೇರೆ ವಿಷಯ."

ಅರ್ಥವಾಗಲು ಅವನಿಗೆ ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಮುಖ ಅರಳಿತು.

"ಹಾಗಾದರೆ... ನಾಳೆ ಬಂದು ನಿಮ್ಮ ತಂದೇನ ನೋಡ್ಲಾ?"

"ನಾಳೆ ಬೇಡ."

ಅವನು ಪೆಚ್ಚಾದ.

"ಈಗಲೇ ಬನ್ನಿ. ಅಪ್ಪ ಮನೇಲೇ ಇದ್ದಾರೆ."

ಬೀಗ ಹಾಕಿ ಇಬ್ಬರೂ ಹೊರಟರು. ಚಕ್ರಪಾಣಿ ಒಂದೊಂದೇ ಹೆಜ್ಜೆ ಎತ್ತಿ ಇಡುತ್ತಿದ್ದ.

"ಯಾಕೆ ಇಷ್ಟು ನಿಧಾನ? ನನ್ನ ಕಾಲಿಗೋಸ್ಕರವಾ?" ಉಮಾ ಕೇಳಿದಳು.

"ಇಲ್ಲಪ್ಪ. ನಿಮ್ಮ ತಂದೆ ಹತ್ತಿರ ಏನು ಹೇಳಬೇಕು ಅಂತ ಇನ್ನೂ ಹೊಳೆದಿಲ್ಲ."

ಅವಳು ನಕ್ಕು ಅವನ ಕೈ ಹಿಡಿದಳು. "ನಿಧಾನವಾಗೇ ಹೋಗೋಣ, ಬನ್ನಿ."