ಒಂದು ಸೂಜಿಯ ಸೇಡು

"ಬಾಯಿ ತೆಗೀರಿ!"

ಹಲ್ಲಿನ ಡಾಕ್ಟರ್ ಶಿವಾನಿ ಹಾಗೆ ಗದರಿದ್ದು ಚೀಟಿಯಲ್ಲಿದ್ದ ಹೆಸರು ನೋಡಿ. ಸಿದ್ದಲಿಂಗ. ಊರು ಮುದ್ದೇಬಿಹಾಳ, ನೌಕರಿ ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ.

ಅವನೇ...! ಹದಿನಾರು ವರ್ಷ ಇವನ ಹೆಸರಿಗೆ ಹಲ್ಲು ಕಡಿದಿದ್ದಳು. ಇವತ್ತು ಇಂಡಿ ಊರಿನ ಅವಳ ದವಾಖಾನೆಗೇ ಬಂದು, ತನ್ನ ಹಲ್ಲನ್ನೇ ಅವಳ ಕೈಗೆ ಕೊಟ್ಟು ಕೂತಿದ್ದಾನೆ!

ಸಹಾಯಕಿ ಚಂದವ್ವ ಜೋಮು ಹಿಡಿಸುವ ಇಂಜೆಕ್ಷನ್ ತಟ್ಟೆಯಲ್ಲಿ ತಂದಿಟ್ಟಳು. ಶಿವಾನಿ ತಟ್ಟೆಯನ್ನು ದೂರ ಸರಿಸಿದಳು.

"ಇದು ಬ್ಯಾಡ. ಹಂಗ ಕೀಳ್ತೇನಿ."

ಚಂದವ್ವ ಗಾಬರಿಯಾಗಿ ಹೊರಗೆ ಹೋದಳು. ಸಿದ್ದಲಿಂಗ ಊದಿದ ದವಡೆಯಲ್ಲೇ ನಕ್ಕ. "ಗುರ್ತು ಹಿಡದಿ ಅಂದಂಗಾತು."

"ಮರೀಲಿ ಹೆಂಗ? ನಾಲ್ಕು ವರ್ಷ ದಿನಾ ಒಂದು ಸೂಜಿ ಚುಚ್ಚಿಸಿಕೊಂಡೇನಿ. ನಿನಗ ಒಂದೂ ಸಿಗೂದಿಲ್ಲ!"

ಆಗ ಹನ್ನೆರಡು ತುಂಬಿದರೂ ಶಿವಾನಿ ಎಂಟರ ಹುಡುಗಿಯಂತಿದ್ದಳು. ಓರಗೆಯವರೆಲ್ಲ ಬಿದ್ದ ಹಾಲುಹಲ್ಲನ್ನು ಮಾಳಿಗೆಯ ಮೇಲೆ ಎಸೆಯುವಾಗ ಅವಳದೊಂದೂ ಅಲ್ಲಾಡಿರಲಿಲ್ಲ. ಗಿಡ್ಡಿ ಎಂದು ಯಾರೂ ಆಡಿಕೊಳ್ಳಬಾರದೆಂದು ಅಪ್ಪ ಗುರಪ್ಪ ಶಾಲೆಯಲ್ಲಿ ಅವಳ ವಯಸ್ಸನ್ನೇ ಮೂರು ವರ್ಷ ಇಳಿಸಿ ಬರೆಸಿದ್ದ.

ಗುಟ್ಟು ಗೊತ್ತಿದ್ದದ್ದು ಪಕ್ಕದ ಮನೆಯ ಸಿದ್ದಲಿಂಗನಿಗೆ ಮಾತ್ರ. ಅವಳಿಗಿದ್ದ ಒಬ್ಬನೇ ಗೆಳೆಯ. ಶಾಲೆಯ ಆರೋಗ್ಯ ತಪಾಸಣೆಯ ದಿನ ಅವನೇ ಬಾಯಿಬಿಟ್ಟ. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು.

"ನಮ್ಮಪ್ಪ ಸುಳ್ಳಬುರುಕ ಅನ್ನಿಸಿಕೊಂಡು ನಮ್ಮನ್ನ ಕರಕೊಂಡು ಊರು ಬಿಟ್ಟ. ಯಾಕ ಹೇಳಿದಿ?"

ಅವನ ನಗು ಆರಿತು. "ಒಂಬತ್ತು ವರ್ಷದಾಕಿಗೆ ಈ ಎತ್ತರ ಸರಿ ಅಂತ ಬರದು ಡಾಕ್ಟರ್ ಮುಂದಿನ ಹುಡುಗೀನ ಕರದ್ರು, ಶಿವಾನಿ. ನಾ ಅವರ ಕಿವ್ಯಾಗ ಹೇಳ್ದೆ, ಇಕಿಗೆ ಹನ್ನೆರಡು, ಒಂದು ಹಲ್ಲೂ ಬಿದ್ದಿಲ್ರಿ ಅಂತ. ಅದನ್ನ ಕೇಳಿಸಿಕೊಂಡು ಎಲ್ಲಾರ ಮುಂದ ಒದರಿದಾಂವ ಮಾಸ್ತರ."

"ಸುಳ್ಳು!"

ಸಿಟ್ಟು ಆರಬಾರದೆಂದೇ ಕಾಯ್ದಿಟ್ಟ ಆ ದಿನದ ತಪಾಸಣೆಯ ಕಾರ್ಡನ್ನು ಅವಳು ಸರ್ರನೆ ಮೇಜಿನ ಖಾನೆಯಿಂದ ಎಳೆದಳು. ವಯಸ್ಸು ಒಂಬತ್ತು ಎಂದಿದ್ದನ್ನು ಡಾಕ್ಟರ್ ಹೊಡೆದುಹಾಕಿ ಹನ್ನೆರಡು ಎಂದು ತಿದ್ದಿದ್ದರು. ಇಷ್ಟು ವರ್ಷ ನೋಡಿದ್ದು ಅದೊಂದನ್ನೇ. ಕೆಳಗೆ ಎತ್ತರದ ಮುಂದೆ 'ಸರಿ' ಎಂದು ಬರೆದು, ಅದನ್ನೂ ಹೊಡೆದುಹಾಕಿದ್ದರು! ಪಕ್ಕದಲ್ಲಿ: 'ಎಲುಬಿನ ಎಕ್ಸ್‌ರೇಗೆ ವಿಜಯಪುರಕ್ಕೆ ಕಳಿಸಿ.'

ಆ ಎಕ್ಸ್‌ರೇಯಿಂದಲೇ ಅವಳ ನಾಲ್ಕು ವರ್ಷದ ಸೂಜಿ ಶುರುವಾದದ್ದು. ಬೆಳವಣಿಗೆಯ ಹಾರ್ಮೋನು ಸಾಲದಿದ್ದರೆ ಎಲುಬು ಉದ್ದವಾಗುವುದಿಲ್ಲ, ಹಲ್ಲೂ ತಡವಾಗುತ್ತದೆ. ಎಲುಬಿನ ತುದಿಗಳು ಕೂಡಿಕೊಳ್ಳುವ ಮೊದಲೇ ಸೂಜಿ ಶುರುವಾಗಬೇಕು, ಆಮೇಲೆ ಎಷ್ಟು ಚುಚ್ಚಿದರೂ ಎತ್ತರ ಬರುವುದಿಲ್ಲ. ಡಾಕ್ಟರ್ ಆದವಳಿಗೆ ಇದೆಲ್ಲ ಗೊತ್ತು. ಆ 'ಸರಿ' ಹಾಗೇ ಉಳಿದಿದ್ದರೆ...?

'ದೇವರೇ! ಯಾರ ಮೇಲೆ ಹಗೆ ಸಾಧಿಸಿದೆ ನಾನು!'

"ಇಷ್ಟು ವರ್ಷ ಯಾಕ ಬರಲಿಲ್ಲ?" ಕಾರ್ಡನ್ನು ಕೆಳಗಿಡದೆ ಕೇಳಿದಳು.

"ಎಲ್ಲಿಗೆ ಹೋದ್ರಿ ಅಂತ ಯಾರೂ ಹೇಳಲಿಲ್ಲ. ಹೋದ ತಿಂಗಳ ನಿನ್ನ ಬೋರ್ಡ್ ನೋಡ್ದೆ."

"ಅದಕ್ಕ ಹಲ್ಲುನೋವಿನ ನಾಟಕ?"

"ನೋವು ಖರೇನ ಐತಿ. ದಾರ್ಯಾಗಿನ ಬಸವನಬಾಗೇವಾಡ್ಯಾಗೂ ಹಲ್ಲಿನ ಡಾಕ್ಟರ್ ಇದ್ರು. ತಡಕೊಂಡು ಇಲ್ಲಿತನಕ ಬಂದೆ."

ಶಿವಾನಿ ಕಣ್ಣೊರೆಸಿಕೊಂಡು, ಕೈ ತೊಳೆದು, ದೂರ ಸರಿಸಿದ್ದ ಇಂಜೆಕ್ಷನ್ ಎತ್ತಿಕೊಂಡಳು.

"ತಡಿ!" ಅವನು ಮಣಿಕಟ್ಟು ಹಿಡಿದ. "ಬಾಯಿ ಜೋಮು ಹಿಡಿದ್ರ ಮಾತು ತೊದಲ್ತೈತಿ. ಅದಕ್ಕಿಂತ ಮೊದ್ಲ ಕೇಳಿಬಿಡ್ತೇನಿ... ನನ್ನ ಮದುವಿ ಆಗ್ತೀಯೇನು?"

"ಬಾಯಿ ತೆಗಿ." ಈ ಸಲ ಅವಳು ಗದರಲಿಲ್ಲ.

"ಉತ್ತರ?"

"ಕಿತ್ತ ಹಲ್ಲು ಇಬ್ಬರೂ ಕೂಡಿ ಮಾಳಿಗಿ ಮ್ಯಾಲ ಒಗಿಯೂಣು. ನನಗ ಒಗಿಯಾಕ ಬರೂದಿಲ್ಲ, ನೀನ ಕಲಿಸು," ಎಂದಳು ಶಿವಾನಿ. "ನಾಳೆ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಲ್ಲ?"