ಚೌಕದೊಳಗಿನ ಏಳು

ಶಿವಯೋಗಿ ಮೊದಲು ನೋಡಿದ್ದು ಅವಳನ್ನಲ್ಲ, ಅವಳ ವ್ಯಾಗನ್ನನ್ನು. ಅವನ ಗ್ರಹಚಾರ ಅಲ್ಲಿಂದಲೇ ಶುರುವಾಯಿತು ಎನ್ನಬೇಕು.

ಆಗಸ್ಟ್ ತಿಂಗಳ ಒಂದು ಭಾನುವಾರ ಶಿವಮೊಗ್ಗದ ಕಾಲೇಜೊಂದರ ಸಭಾಂಗಣದಲ್ಲಿ ಪುಟಾಣಿ ರೈಲುಗಳ ಪ್ರದರ್ಶನ ನಡೆದಿತ್ತು. ಜನರೆಲ್ಲ ಓಡುವ ಎಂಜಿನ್‌ಗಳ ಸುತ್ತ ಮುತ್ತಿಕೊಂಡಿದ್ದರು. ಮೂಲೆಯ ಮೇಜಿನ ಮೇಲಿದ್ದ ಗೂಡ್ಸ್ ವ್ಯಾಗನ್‌ಗಳನ್ನು ಕೇಳುವವರೇ ಇರಲಿಲ್ಲ. ನಿಜವಾದ ವ್ಯಾಗನ್ನನ್ನು ಎಂಬತ್ತೇಳು ಪಟ್ಟು ಚಿಕ್ಕದು ಮಾಡಿದರೆ ಎಷ್ಟಾಗುತ್ತದೋ ಅಷ್ಟು ಗಾತ್ರ, ಅಂಗೈ ಮೇಲೆ ಕೂರುವಂಥವು. ಶಿವಯೋಗಿ ಜೇಬಿನಿಂದ ಲೆನ್ಸ್ ತೆಗೆದು ಬಗ್ಗಿದವನು ಹತ್ತು ನಿಮಿಷ ತಲೆ ಎತ್ತಲಿಲ್ಲ.

“ಮೂರನೇ ಬಾಗಿಲಿನ ಚಿಲಕ ಕಾಲು ಮಿಲಿಮೀಟರ್ ಕೆಳಗಿದೆ,” ಎಂದ ಕೊನೆಗೆ.

“ಅಸಲಿ ವ್ಯಾಗನ್‌ನಲ್ಲೂ ಕೆಳಗೇ ಇದೆ,” ಎಂದಿತು ಒಂದು ದನಿ. “ಗುದ್ದಿಸ್ಕೊಂಡು ಬಂದಾಗ ವರ್ಕ್‌ಶಾಪಲ್ಲಿ ಹಾಗೇ ವೆಲ್ಡ್ ಮಾಡಿಬಿಟ್ರಂತೆ. ನಮ್ಮಪ್ಪ ಭದ್ರಾವತಿ ರೈಲ್ವೆ ಯಾರ್ಡ್‌ನಲ್ಲಿ ಇಪ್ಪತ್ತೆಂಟು ವರ್ಷ ಇದ್ರು. ಫೋಟೋ ತೋರಿಸ್ಲಾ?”

ಆಗ ತಲೆ ಎತ್ತಿದ. ಎದುರಿಗಿದ್ದವಳ ಮೂಗಿನ ತುದಿಯಲ್ಲಿ ಬಿಳಿ ಪೇಂಟಿನ ಚುಕ್ಕೆ. ಕೂದಲಿಗೆ ಕ್ಲಿಪ್ಪಿನ ಬದಲು ಬ್ರಷ್ ಸಿಕ್ಕಿಸಿಕೊಂಡಿದ್ದಳು. ಕಣ್ಣಲ್ಲಿ ಜಗಳಕ್ಕೂ ನಗುವಿಗೂ ಸಮನಾದ ತಯಾರಿ ಇತ್ತು.

“ಸಾರಿ. ಚಿಲಕ ಸರಿಯಾಗಿದೆ.”

“ನಿಮ್ಮ ಕಾಲರ್ ಸರಿ ಇಲ್ಲ. ಎಡಗಡೆ ಒಂದು ಸೆಂಟಿಮೀಟರ್ ಮೇಲಿದೆ.”

ಶಿವಯೋಗಿ ಕಾಲರ್ ಮುಟ್ಟಿ ನೋಡಿಕೊಂಡ. ನಿಜವಾಗಿಯೂ ಮೇಲಿತ್ತು. ಅವಳು ಗೊಳ್ಳೆಂದು ನಕ್ಕಳು. ಮೂವತ್ನಾಲ್ಕು ವರ್ಷದ ಗಂಡಸು, ಪಾಲಿಟೆಕ್ನಿಕ್ಕಿನ ಅಳತೆಯ ಲ್ಯಾಬ್‌ನಲ್ಲಿ ಹುಡುಗರ ಬೆವರಿಳಿಸುವವನು, ಕಿವಿ ಕೆಂಪಗೆ ಮಾಡಿಕೊಂಡು ನಿಂತ.

ಅವಳ ಹೆಸರು ದಾಕ್ಷಾಯಣಿ. ಭದ್ರಾವತಿಯ ನ್ಯೂಟೌನ್‌ನಲ್ಲಿ ಅಪ್ಪ ಶಿವಶಂಕರಪ್ಪನವರ ಜೊತೆ ಇದ್ದಳು. ಹಗಲು ಬೋರ್ಡ್ ಬರೆಯುವ ಅಂಗಡಿಯಲ್ಲಿ ಕೆಲಸ, ಉಳಿದ ಹೊತ್ತೆಲ್ಲ ಈ ವ್ಯಾಗನ್‌ಗಳು. ಶಿವಯೋಗಿ ಶಿವಮೊಗ್ಗದ ಗೋಪಾಳದಲ್ಲಿ ತಾಯಿಯ ಜೊತೆ ಇದ್ದ. ಇಂಥ ಮಾಡೆಲ್‌ಗಳನ್ನು ಅಳೆದು, ತೂಗಿ, ಅಂಕ ಕೊಟ್ಟು ಬರೆಯುವುದು ಅವನ ಹವ್ಯಾಸ. ಮಾಡೆಲ್ ಮಾರುವ ಚೆನ್ನೈನ ಕಂಪನಿಯೊಂದು ತನ್ನ ಸ್ಯಾಂಪಲ್‌ಗಳನ್ನು ಅವನ ಕೈಯಲ್ಲೇ ಪರೀಕ್ಷೆ ಮಾಡಿಸುತ್ತಿತ್ತು. ಅವನ ರಿಪೋರ್ಟ್ ಎಂದರೆ ಎರಡನೇ ಮಾತಿಲ್ಲ.

ಆಮೇಲೆ ಫೋನುಗಳು ಶುರುವಾದವು. ಬಫರ್ ಬಗ್ಗೆ ಕೇಳುವುದಕ್ಕೆ ಅವಳು ಮಾಡುತ್ತಿದ್ದಳು, ಬ್ರೇಕ್ ಪೈಪಿನ ಬಗ್ಗೆ ಹೇಳುವುದಕ್ಕೆ ಇವನು. ಇಪ್ಪತ್ತು ನಿಮಿಷದ ಮಾತಿನಲ್ಲಿ ಬ್ರೇಕ್ ಪೈಪು ಎರಡು ನಿಮಿಷ ಬಂದರೆ ಹೆಚ್ಚು. ಭಾನುವಾರಗಳಂದು ಅವನು ಬಸ್ಸು ಹತ್ತಿ ಭದ್ರಾವತಿಗೆ ಹೋಗುವುದು ರೂಢಿಯಾಯಿತು. ಅವಳು ಕತ್ತು ಬಗ್ಗಿಸಿ ಅಕ್ಷರ ಬರೆಯುತ್ತಿದ್ದರೆ ಇವನು ಲೆನ್ಸ್ ಹಿಡಿದು ಅವಳ ಕೈಯನ್ನೇ ನೋಡುತ್ತಿದ್ದ. “ವ್ಯಾಗನ್ ಈ ಕಡೆ ಇದೆ ಮಾರಾಯ್ರೆ,” ಎಂದು ಅವಳು ತಲೆ ಎತ್ತದೆಯೇ ಹೇಳುತ್ತಿದ್ದಳು.

ಇಬ್ಬರ ನಡುವೆ ಏನು ಅಡ್ಡ ಇತ್ತು ಎಂದು ಕೇಳಿದರೆ, ಏನೂ ಇರಲಿಲ್ಲ. ಒಂದೇ ಜಾತಿ, ಅರ್ಧ ಗಂಟೆಯ ದಾರಿ, ಹಿರಿಯರಿಗೂ ಪರಸ್ಪರ ಗೌರವ. ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಶಿವಯೋಗಿ ಯಾವುದನ್ನೂ ಎರಡು ಸಲ ಅಳೆಯದೆ ಬಾಯಿ ಬಿಡುವವನಲ್ಲ, ಮನಸ್ಸನ್ನು ಅಳೆಯುವ ಉಪಕರಣ ಅವನ ಲ್ಯಾಬ್‌ನಲ್ಲಿ ಇರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ಚೆನ್ನೈ ಕಂಪನಿ ಹೊಸ ಆರ್ಡರ್ ಕರೆಯಿತು. ಈ ಸಲ ಬೇಕಿದ್ದದ್ದು ಹಡಗಿನಲ್ಲಿ ಬರುವ ಕಂಟೇನರ್‌ಗಳು. ಪಾಸಾದವರಿಗೆ ಎರಡು ವರ್ಷ ಕೈತುಂಬ ಕೆಲಸ. ಅರ್ಜಿ ಹಾಕಿದ ಏಳು ಜನರಲ್ಲಿ ದಾಕ್ಷಾಯಣಿಯೂ ಇದ್ದಳು. ತನಗೆ ಅವಳ ಪರಿಚಯವಿದೆ, ಬೇರೆಯವರಿಂದ ನೋಡಿಸಿ ಎಂದು ಶಿವಯೋಗಿ ಪ್ರಾಮಾಣಿಕವಾಗಿ ಬರೆದ. ಪರವಾಗಿಲ್ಲ, ನಿಮ್ಮ ಮೇಲೆ ನಂಬಿಕೆ ಇದೆ ಎಂದು ಉತ್ತರ ಬಂತು. ಆ ನಂಬಿಕೆಯನ್ನು ಅವನು ತಲೆಯ ಮೇಲೆ ಹೊತ್ತುಕೊಂಡ.

ಸ್ಯಾಂಪಲ್ ಕಳಿಸುವ ಹಿಂದಿನ ದಿನ ಶಿವಶಂಕರಪ್ಪನವರು ಅವನನ್ನು ಊಟಕ್ಕೆ ಕರೆದಿದ್ದರು. ಊಟವಾಗಿ ಅವರು ಒಳಗೆ ಅಡ್ಡಾದ ಮೇಲೆ ದಾಕ್ಷಾಯಣಿ ಕಾಫಿ ತಂದಿಟ್ಟು, ಡಬ್ಬಿ ತೆರೆದಳು.

“ನೋಡಿ. ತೀರ್ಪು ಬೇಡ, ಸುಮ್ಮನೆ ನೋಡಿ.”

ನೀಲಿ ಕಂಟೇನರ್. ತಗಡಿನ ಏರಿಳಿತ, ಬಾಗಿಲಿನ ಕೂದಲೆಳೆಯಂಥ ಸರಳುಗಳು, ಮಳೆನೀರು ಇಳಿದ ಕಡೆ ತುಕ್ಕಿನ ಗೆರೆ. ಶಿವಯೋಗಿಯ ಎದೆ ತುಂಬಿ ಬಂತು. ಇಷ್ಟು ಚೆಂದದ್ದನ್ನು ಅವನು ಈವರೆಗೆ ಕಂಡಿರಲಿಲ್ಲ.

“ಇದು ಪಾಸಾದ್ರೆ ದಾವಣಗೆರೆಯ ಸಂಬಂಧ ಮುಂದಕ್ಕೆ ಹಾಕ್ತೀನಿ ಅಂದಿದಾರೆ ಅಪ್ಪ,” ಎಂದಳು ಅವಳು, ಸೆರಗಿನ ಅಂಚು ಸುತ್ತುತ್ತ. “ಇಲ್ಲಾಂದ್ರೆ ಇನ್ನೇನು ನೆಪ ಹೇಳ್ಲಿ? ಇಪ್ಪತ್ತೊಂಬತ್ತಾಯ್ತು ನನಗೆ.”

ಅವನು ನಂಬರ್ ಓದುತ್ತಿದ್ದ. ಕಂಟೇನರ್‌ಗೆ ನಂಬರ್ ಬರೆಯಲು ಜಗತ್ತಿಗೆಲ್ಲ ಒಂದೇ ಕ್ರಮ: ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಪುಟ್ಟ ಚೌಕದೊಳಗೆ ಒಂದು ಒಂಟಿ ಅಂಕಿ. ಆ ಒಂಟಿ ಅಂಕಿಯನ್ನು ಇಷ್ಟ ಬಂದಂತೆ ಹಾಕುವ ಹಾಗಿಲ್ಲ. ಅಕ್ಷರಕ್ಕೂ ಒಂದು ಬೆಲೆ ಕಟ್ಟಿ, ಹಿಂದಿನ ಹತ್ತನ್ನೂ ಗುಣಿಸಿ, ಕೂಡಿಸಿ, ಭಾಗಿಸಿದರೆ ಉಳಿಯುವ ಶೇಷ ಅದು. ಅವಳು ಭದ್ರಾವತಿಯ ನೆನಪಿಗೆ BDVU ಎಂದು ಬರೆದು, ಮುಂದೆ 110824 ಹಾಕಿ, ಚೌಕದಲ್ಲಿ ಏಳು ಬರೆದಿದ್ದಳು. ಶಿವಯೋಗಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಐದು ಬರಬೇಕಿತ್ತು. ಯಾರ್ಡಿನ ವ್ಯಾಗನ್‌ಗಳ ಜೊತೆ ಬೆಳೆದ ಹುಡುಗಿಗೆ ಕಂಟೇನರಿನ ಈ ಗುಟ್ಟು ಗೊತ್ತಿರಲಿಲ್ಲ.

“ನಂಬರ್ ನೋಡಿದ್ರಾ?” ಅವಳ ದನಿ ಸಣ್ಣಗಾಗಿತ್ತು.

“ನೋಡ್ದೆ.”

“ಏನನ್ನಿಸ್ತು?”

ಹೇಳಿದರೆ ಒಂದು ಗಂಟೆಯಲ್ಲಿ ಸರಿ ಮಾಡುತ್ತಾಳೆ. ಉಳಿದ ಆರು ಜನಕ್ಕೆ ಯಾರು ಹೇಳುತ್ತಾರೆ? ಅವರ ಮನೆಯಲ್ಲೂ ಇಂಥದೇ ಏನೋ ಕಾದು ಕೂತಿರಬಹುದು.

“ಈಗ ಹೇಳೋದು ಸರಿಯಾಗಲ್ಲ,” ಎಂದ. “ರಿಪೋರ್ಟ್ ಹೋದ್ಮೇಲೆ ಹೇಳ್ತೀನಿ. ಖಂಡಿತ ಹೇಳ್ತೀನಿ.”

ದಾಕ್ಷಾಯಣಿ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಕೆನ್ನೆಗೆ ರಂಗೇರಿತು. ಡಬ್ಬಿಯನ್ನು ಮುಚ್ಚಿ, ಅದರ ಮೇಲೆ ಅಂಗೈ ಇಟ್ಟುಕೊಂಡು, “ಆಯ್ತು. ಕಾಯ್ತೀನಿ,” ಎಂದಳು. ಗೇಟಿನವರೆಗೂ ಬಂದು ಬೀಳ್ಕೊಟ್ಟಳು. ಇಷ್ಟು ಖುಷಿಯಾಗಿ ಯಾಕೆ ಕಾಣುತ್ತಾಳೆ ಎಂದು ಅವನಿಗೆ ಅರ್ಥವಾಗಲಿಲ್ಲ, ದಾರಿಯುದ್ದಕ್ಕೂ ಸಂಕಟವಾಯಿತು.

ರಿಪೋರ್ಟ್ ಬರೆಯುವಾಗ ಅವನು ಅವಳ ಕಂಟೇನರಿಗೆ ಬಣ್ಣಕ್ಕೆ, ಅಳತೆಗೆ, ಕೈಗೆಲಸಕ್ಕೆ ಪೂರ್ತಿ ಅಂಕ ಕೊಟ್ಟ. ಕಡೆಯ ಕಾಲಂನಲ್ಲಿ “ನಂಬರ್ ತಪ್ಪು” ಎಂದು ಬರೆದ. ಕಂಪನಿಯ ನಿಯಮದಂತೆ ನಂಬರ್ ತಪ್ಪಿದರೆ ಉಳಿದ ಅಂಕಗಳಿಗೆ ಬೆಲೆ ಇಲ್ಲ. ಮತ್ತೆ ಅವಕಾಶ ಬರುವುದು ಮುಂದಿನ ವರ್ಷ. ಸಹಿ ಮಾಡುವ ಮೊದಲು ಆ ಎರಡು ಪದಗಳನ್ನು ಮತ್ತೆ ಮತ್ತೆ ಓದಿದ. ಆದರೂ ಸಹಿ ನೇರವಾಗಿಯೇ ಬಂತು, ಅದು ಅವನ ಹಣೆಬರಹ.

ಫಲಿತಾಂಶ ಬಂದ ಮೇಲೆ ಮೂರು ವಾರ ಅವಳು ಫೋನ್ ಎತ್ತಲಿಲ್ಲ. ನಾಲ್ಕನೇ ವಾರ ತಾನೇ ಮಾಡಿ, ಮಲವಗೊಪ್ಪದ ಬಸ್‌ಸ್ಟಾಪಿಗೆ ಬನ್ನಿ ಎಂದಳು. ಇಬ್ಬರಿಗೂ ಅದು ನಡುದಾರಿ.

ಮಧ್ಯಾಹ್ನದ ಬಿಸಿಲಿತ್ತು. ಅವಳು ತಂಗುದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಇವನು ಒಂದು ಮಾರು ದೂರ ಬಿಟ್ಟು ಕೂತ.

“ಆವತ್ತೇ ಗೊತ್ತಿತ್ತಲ್ವಾ, ಏಳು ತಪ್ಪು ಅಂತ?”

“ಗೊತ್ತಿತ್ತು.”

“ನಮ್ಮನೇಲಿ ಕೂತು, ನಾನು ಮಾಡಿದ ಕಾಫಿ ಕುಡ್ಕೊಂಡು, ಗೊತ್ತಿತ್ತು.”

“ಹೇಳಿದ್ರೆ ಬೇರೆಯವರಿಗೆ ಅನ್ಯಾಯ ಆಗ್ತಿತ್ತು, ದಾಕ್ಷಾಯಣಿ.”

“ಸರಿ ಬಿಡಿ. ಅದಕ್ಕೆ ನಾನು ಕೋಪ ಮಾಡ್ಕೊಂಡಿಲ್ಲ.” ಅವಳು ರಸ್ತೆ ನೋಡುತ್ತಿದ್ದಳು. “ಏಳು ತಪ್ಪು. ಉಳಿದ ಆರು ಅಂಕಿ ಹೇಗಿದ್ವು?”

“ಚೆನ್ನಾಗಿದ್ವು. ಎತ್ತರ ಒಂದೇ ಸಮ ಇತ್ತು. ಅಂತರದಲ್ಲಿ ಒಂದಿಷ್ಟೂ ಹೆಚ್ಚುಕಮ್ಮಿ ಇರ್ಲಿಲ್ಲ.”

ಅವಳು ಅವನ ಕಡೆ ತಿರುಗಿದಳು. ನಗುತ್ತಾಳೇನೋ ಅಂದುಕೊಂಡ. ಕಣ್ಣು ತುಂಬಿತ್ತು.

“ಆಗಸ್ಟ್ ಹನ್ನೊಂದು, ಎರಡು ಸಾವಿರದ ಇಪ್ಪತ್ನಾಲ್ಕು. ಭಾನುವಾರ. ನೀವು ನನ್ನ ಮೇಜಿನ ಹತ್ರ ಬಂದ ದಿನ ಅದು ಮಾರಾಯ್ರೆ. ನಂಬರ್ ನೋಡಿದ್ರಾ ಅಂತ ನಾನು ಕೇಳಿದ್ದು ಅದನ್ನ. ರಿಪೋರ್ಟ್ ಹೋದ್ಮೇಲೆ ಹೇಳ್ತೀನಿ ಅಂದ್ರಿ. ನಾನು... ಬೇರೆ ಏನೋ ಹೇಳ್ತೀರಿ ಅಂತ ಕಾದೆ.”

ಶಿವಯೋಗಿಗೆ ಒಮ್ಮೆಲೇ ಎಲ್ಲ ಕಾಣಿಸಿತು. ಗೇಟಿನ ಹತ್ತಿರ ನಿಂತಿದ್ದ ಅವಳ ಮುಖ, ಆ ಸಂತೋಷ, ಅದರ ಅರ್ಥ. ಲೆನ್ಸ್ ಹಿಡಿದು ಒಂದೊಂದು ಅಂಕಿಯನ್ನೂ ಓದಿದ್ದ. ಇಷ್ಟು ಸ್ಪಷ್ಟವಾಗಿ ಬರೆದು ಕೊಟ್ಟ ಪ್ರೀತಿಗೆ ತಾನು ಅಂತರ ಸರಿಯಾಗಿದೆ ಎಂದು ಅಂಕ ಹಾಕಿದ್ದ.

“ನಾನೂ ನಿಮ್ಮನ್ನ ಪ್ರೀತಿಸ್ತೀನಿ,” ಎಂದ. ಅಳೆಯದೆ ಆಡಿದ ಮೊದಲ ಮಾತು ಅದು. “ಆವತ್ತಿನಿಂದಲೇ. ಇವತ್ತೇ ಬಂದು ನಿಮ್ಮಪ್ಪನ ಹತ್ರ ಮಾತಾಡ್ತೀನಿ.”

“ಹೋದ ಸೋಮವಾರ ದಾವಣಗೆರೆಯವರು ಬಂದಿದ್ರು. ಹೂ ಮುಡಿಸಿ ಹೋದ್ರು. ಒಳ್ಳೆ ಜನ. ಹುಡುಗ ಅರ್ಧ ಗಂಟೇಲಿ ಎರಡು ಸಲ, ನೀವು ನನಗೆ ತುಂಬಾ ಇಷ್ಟ ಆದ್ರಿ ಅಂದ.” ಅವಳು ಕಣ್ಣೊರೆಸಿಕೊಂಡಳು. “ನಾನು ಒಪ್ಕೊಂಡೆ. ಅಪ್ಪನೂ ಮಾತು ಕೊಟ್ಟಾಗಿದೆ.”

“ನಿಮಗೆ ಇಷ್ಟ ಇದೆಯಾ?”

“ಇಷ್ಟ ಇದ್ದಿದ್ರೆ ಇಲ್ಲಿ ಕೂತಿರ್ತಿದ್ನಾ?”

ಎದುರುಗಡೆ ಅಂಗಡಿಯವನು ಸೋಡಾ ಬಾಟಲಿಗಳನ್ನು ಕ್ರೇಟಿಗೆ ತುಂಬುತ್ತಿದ್ದ. ಭದ್ರಾವತಿ ಕಡೆಯ ಬಸ್ಸು ದೂರದಲ್ಲಿ ಕಾಣಿಸಿತು. ಅವಳು ಎದ್ದು ಬ್ಯಾಗನ್ನು ಹೆಗಲಿಗೇರಿಸಿದಳು.

“ಕಾರ್ಡ್ ಕಳಿಸಲ್ಲ. ಮದುವೆಗೆ ಬರ್ಬೇಡಿ.”

“ಸರಿ,” ಎಂದ ಶಿವಯೋಗಿ.

ಅವಳು ತಟಕ್ಕನೆ ನಿಂತಳು. “ಅಷ್ಟೇನಾ? ಬರ್ಬೇಡಿ ಅಂದ್ರೆ ಸರಿ ಅಂದ್ಬಿಡೋದಾ? ಯಾಕೆ ಬರ್ಬಾರ್ದು ಅಂತ ಒಂದ್ಸಲ ಜಗಳ ಆಡೋಕೂ ಬರಲ್ವಾ ನಿಮಗೆ?”

ಅವನು ಬಾಯಿ ತೆರೆದ. ಶಿವಶಂಕರಪ್ಪನವರು ಮಾತು ಕೊಟ್ಟಾಗಿದೆ, ಇನ್ನೊಂದು ಮನೆಯವರು ನಂಬಿದ್ದಾರೆ, ದಾವಣಗೆರೆಯ ಆ ಹುಡುಗನದೇನು ತಪ್ಪು, ಇದೆಲ್ಲ ಸಾಲಾಗಿ ನೆನಪಾಯಿತು. ಅವಳು ಇನ್ನೊಂದು ಕ್ಷಣ ಕಾದಳು. ಆಮೇಲೆ ಬಸ್ಸು ಹತ್ತಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು, ಈ ಕಡೆಗೇ ನೋಡಿದಳು.

ಬಸ್ಸು ಇನ್ನೂ ನಿಂತೇ ಇತ್ತು. ಯಾರೋ ಮುದುಕಿಯ ಮೂಟೆ ಏರಿಸುತ್ತಿದ್ದರು. ಕಂಡಕ್ಟರ್ ಬಾಗಿಲಲ್ಲಿ ನಿಂತು ಇವನನ್ನೇ ಕೇಳಿದ.

“ಹತ್ತೀರಾ ಸಾರ್? ಜಾಗ ಐತೆ.”

ದಾಕ್ಷಾಯಣಿ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

“ಇಲ್ಲ,” ಎಂದ ಶಿವಯೋಗಿ. “ನಾನು ಶಿವಮೊಗ್ಗ ಕಡೆ ಹೋಗ್ಬೇಕು.”